ಆಯಿಲ್ ಸೋರಿಕೆ ಪತ್ತೆಯ ಡೈ ಕಿಟ್: ಹಳೆಯ ಮಿಯಾಟಾದಲ್ಲಿ ಒಂದು ವರ್ಷ ಬಳಸಿದ ಮೇಲೆ

ಎಂಜಿನ್ ಆಯಿಲ್‌ಗೆ ಬೆರೆಸುವ ಹೊಳೆಯುವ ಡೈ, ಅದನ್ನು ನೋಡಲು ಒಂದು ನೇರಳಾತೀತ ಟಾರ್ಚು, ಒಂದು ಹಳದಿ ಕನ್ನಡಕ: ಇಷ್ಟೇ ಈ ಕಿಟ್. ಇಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಾರಿನ ಬಿಡಿಭಾಗಗಳ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ನಾನು ಕೊಂಡದ್ದಕ್ಕೆ ಇಪ್ಪತ್ತೈದು ಡಾಲರ್‌ಗೂ ಕಡಿಮೆ ಬಿತ್ತು. ಹಲವು ಕಂಪನಿಗಳು ಮಾರುತ್ತವೆಯಾದರೂ ಬಾಟಲಿಯೊಳಗೆ ಇರುವುದು ಹೆಚ್ಚುಕಡಿಮೆ ಒಂದೇ ಬಗೆಯ ದ್ರವವಾದ್ದರಿಂದ ಹೆಸರು ಮುಖ್ಯವಲ್ಲ. ಇದನ್ನು ಮೊದಲೇ ಕೊಂಡಿದ್ದರೆ ನನಗೆ ಸಾವಿರ ಡಾಲರ್‌ಗೂ ಹೆಚ್ಚು ಉಳಿಯುತ್ತಿತ್ತು. ಹಾಗೆಂದು ಎಲ್ಲವೂ ಇದರಿಂದಲೇ ಬಗೆಹರಿಯಿತು ಎನ್ನುವಂತೆಯೂ ಇಲ್ಲ.

ನನ್ನದು 1994ರ ಮಾಜ್ಡಾ ಮಿಯಾಟಾ. 1989ರ ಫೆಬ್ರುವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ, ಎರಡೇ ಸೀಟಿನ, ಛಾವಣಿ ಮಡಚಿಡಬಹುದಾದ ಈ ಕಾರಿಗೆ 1994ರಲ್ಲಿ 1.6 ಲೀಟರ್ ಬದಲು 1.8 ಲೀಟರ್ ಎಂಜಿನ್ ಬಂತು; ನನ್ನದು ಆ ದೊಡ್ಡ ಎಂಜಿನ್ನಿನ ಮೊದಲ ವರ್ಷದ್ದು. ಭಾರತದಲ್ಲಿ ಈ ಕಾರು ಅಧಿಕೃತವಾಗಿ ಮಾರಾಟಕ್ಕೆ ಬಂದದ್ದೇ ಇಲ್ಲ, ಹಾಗಾಗಿ ಓದುಗರಲ್ಲಿ ಹಲವರು ಇದನ್ನು ಚಿತ್ರದಲ್ಲಷ್ಟೇ ನೋಡಿರಬಹುದು. ಮೂವತ್ತು ವರ್ಷ ದಾಟಿದ ಎಂಜಿನ್ನಿನಲ್ಲಿ ರಬ್ಬರು ಗಟ್ಟಿಯಾಗುವುದು ಸಹಜ, ಅದಕ್ಕೆ ತಯಾರಕರನ್ನು ದೂರುವಂತಿಲ್ಲ. ನನ್ನ ತಕರಾರು ಇದ್ದದ್ದು ಸೋರಿಕೆಯ ಬಗ್ಗೆ ಅಲ್ಲ, ದುಡ್ಡು ಕೊಟ್ಟು ಸರಿಮಾಡಿಸಿದ ಮೇಲೂ ಅದು ಮತ್ತೆ ಮತ್ತೆ ಬರುತ್ತಿದ್ದುದರ ಬಗ್ಗೆ.

ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ನೆಲದಲ್ಲಿ ಕಲೆ ಬಿದ್ದರೆ ನೋಟಿಸು ಬರುತ್ತದೆ. ಆದ್ದರಿಂದ ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿಡುವುದು ಅಭ್ಯಾಸವಾಗಿತ್ತು. ಬೆಳಗ್ಗೆ ನೋಡಿದರೆ ರಟ್ಟಿನ ಮೇಲೆ ಎಂಟಾಣೆಯಷ್ಟು ಅಗಲದ ಎರಡು ಮೂರು ಮಚ್ಚೆಗಳು, ಅವೂ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಬೆಲ್ ಹೌಸಿಂಗಿನ ನೇರ ಕೆಳಗೆ. ಮೊದಲು ಸೋರಿಕೆ ನಿಲ್ಲಿಸುತ್ತದೆಂದು ಮಾರುವ ಒಂದು ಬಾಟಲಿ ಔಷಧಿಯನ್ನು ಆಯಿಲ್‌ಗೆ ಸುರಿದೆ. ಅಂಥ ದ್ರವಗಳು ಗಟ್ಟಿಯಾದ ರಬ್ಬರನ್ನು ಸ್ವಲ್ಪ ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಎಣ್ಣೆ ಹೊರಬಾರದಂತೆ ತಡೆಯುವ ರಬ್ಬರ್ ಸೀಲು ಬರೀ ಒಣಗಿದ್ದರೆ ಕೆಲವು ನೂರು ಮೈಲಿ ಓಡಿದ ಮೇಲೆ ಗುಣ ಕಾಣಬಹುದು, ಹರಿದಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಏನೂ ಆಗುವುದಿಲ್ಲ. ಎರಡು ವಾರ ಮಚ್ಚೆ ಚಿಕ್ಕದಾದಂತೆ ಕಂಡಿತು, ಆಮೇಲೆ ಯಥಾಪ್ರಕಾರ.

ನಂತರ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿ ಲಿಫ್ಟಿನ ಮೇಲೆ ಕಾರನ್ನು ಎತ್ತಿ, ಬೆಲ್ ಹೌಸಿಂಗಿನ ತುದಿಯಲ್ಲಿ ತೂಗುತ್ತಿದ್ದ ಹನಿಯನ್ನು ತೋರಿಸಿ, ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲು ಹೋಗಿದೆ ಎಂದು ಐದು ನಿಮಿಷದಲ್ಲಿ ತೀರ್ಮಾನಿಸಿದರು. ಆ ಸೀಲು ನೂರು ರೂಪಾಯಿಯ ವಸ್ತುವಿನಂತಿದ್ದರೂ ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಮೂರನ್ನೂ ಇಳಿಸಬೇಕು. ಬಿಲ್ಲು ಸಾವಿರ ಡಾಲರ್ ದಾಟಿತು. ಹದಿನೆಂಟು ದಿನಕ್ಕೆ ರಟ್ಟಿನ ಮೇಲೆ ಅದೇ ಜಾಗದಲ್ಲಿ ಅದೇ ಮಚ್ಚೆ. ಮತ್ತೆ ಹೋಗಿ ಕೇಳಿದಾಗ "ಅದು ಹಳೆಯ ಆಯಿಲ್ ಇಳಿಯುತ್ತಿರುವುದು, ಸ್ವಲ್ಪ ದಿನ ನೋಡಿ" ಎಂಬ ಉತ್ತರ ಸಿಕ್ಕಿತು. ನಾನು ನೋಡಿದೆ. ಹೊಸ ಆಯಿಲ್ ಕೂಡ ಇಳಿಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು ಎಂಬುದು ಅರ್ಥವಾದದ್ದು ಡೈ ಹಾಕಿದ ಮೇಲೆ. ಮಲೆನಾಡಿನ ಹಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಡೆದ ಹಂಚು ಒಂದು ಕಡೆ ಇರುತ್ತದೆ, ನೀರು ಪಕ್ಕಾಸಿನ ಗುಂಟ ಹರಿದು ಹೋಗಿ ತೊಟ್ಟಿಕ್ಕುವುದು ಇನ್ನೊಂದು ಕೋಣೆಯಲ್ಲಿ, ಪಾತ್ರೆ ಇಟ್ಟ ಜಾಗದ ಮೇಲಿನ ಹಂಚು ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ. ಎಂಜಿನ್ನಿನಲ್ಲೂ ಹಾಗೆಯೇ, ಮೇಲಿನಿಂದ ಸೋರಿದ ಎಣ್ಣೆ ಅತಿ ಕೆಳಗಿನ ಅಂಚನ್ನು ಹುಡುಕಿಕೊಂಡು ಹೋಗುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ. ಮಿಯಾಟಾದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಇದರ ಎಂಜಿನ್ನಿನ ವಂಶ ಮಾಜ್ಡಾ 323ರಂಥ, ಎಂಜಿನ್ನನ್ನು ಅಡ್ಡಲಾಗಿ ಕೂರಿಸಿದ ಕಾರುಗಳದ್ದು. ಅದನ್ನು ಉದ್ದಕ್ಕೆ ತಿರುಗಿಸಿ ಕೂರಿಸಿದಾಗ ಹಿಂದಿನ ತುದಿ, ಎಂಜಿನ್ನಿಗೂ ಸೀಟುಗಳಿಗೂ ನಡುವಿನ ತಗಡಿನ ಗೋಡೆಯಾದ ಫೈರ್‌ವಾಲ್‌ಗೆ ಒತ್ತಿಕೊಂಡಿತು, ಮತ್ತು ಆ ತುದಿಯಲ್ಲೇ, ಸ್ಪಾರ್ಕ್ ಯಾವಾಗ ಹಾರಬೇಕೆಂದು ಗುರುತಿಸಲು ನೆರವಾಗುವ ಕ್ಯಾಮ್ ಆ್ಯಂಗಲ್ ಸೆನ್ಸರ್ ಇದೆ. ಅಲ್ಲಿ ಕೈ ಹೋಗುವುದು ಕಷ್ಟ, ಕಣ್ಣು ಹೋಗುವುದು ಇನ್ನೂ ಕಷ್ಟ. ಅಲ್ಲಿಂದ ಬಿದ್ದ ಎಣ್ಣೆಯ ಹನಿ ನೆಟ್ಟಗೆ ಬೆಲ್ ಹೌಸಿಂಗಿನ ಮೇಲೆ ಇಳಿದು, ಹಿಂದಿನ ಸೀಲಿನ ಸೋರಿಕೆಯ ವೇಷ ಹಾಕುತ್ತದೆ.

ಈಗ ಕಿಟ್ಟಿನ ಬಳಕೆ. ಪೆಟ್ಟಿಗೆಯ ಮೇಲೆ ಬರೆದಿರುವುದು ಮೂರೇ ಸಾಲು: ಡೈ ಸುರಿಯಿರಿ, ಎಂಜಿನ್ ಓಡಿಸಿ, ಟಾರ್ಚು ಹಾಕಿ. ಅತ್ಯಂತ ಮುಖ್ಯವಾದ ಸಾಲನ್ನೇ ಬಿಟ್ಟಿದ್ದಾರೆ. ಮೊದಲು ಎಂಜಿನ್ನನ್ನು ತೊಳೆಯಬೇಕು. ಮೂವತ್ತು ವರ್ಷದ ಜಿಡ್ಡಿನ ಮೇಲೆ ಹೊಸ ಎಣ್ಣೆ ಹರಡಿಕೊಂಡರೆ ಟಾರ್ಚಿನ ಬೆಳಕಿನಲ್ಲಿ ಎಲ್ಲವೂ ಒಂದೇ ಬಣ್ಣದಲ್ಲಿ ಮಿನುಗಿ ಯಾವುದು ಮೂಲ ಯಾವುದು ಹರಿವು ಎಂದು ತಿಳಿಯುವುದಿಲ್ಲ. ಎಂಜಿನ್ ತಣ್ಣಗಿರುವಾಗ ಜಿಡ್ಡು ಬಿಡಿಸುವ ದ್ರವ ಸಿಂಪಡಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯಿಂದ ಒರೆಸಲು ನನಗೆ ಒಂದು ಶನಿವಾರ ಪೂರ್ತಿ ಬೇಕಾಯಿತು. ವೈರುಗಳ ಕನೆಕ್ಟರುಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೆ. ಆಯಿಲ್ ಕಪ್ಪಾಗಿದ್ದರೆ ಡೈಯ ಹೊಳಪು ಮಂಕಾಗುವುದರಿಂದ ಆಯಿಲ್ ಬದಲಿಸಿದ ದಿನವೇ ಹಾಕುವುದು ಒಳ್ಳೆಯದು. ನನ್ನ ಎಂಜಿನ್ನಿಗೆ ಹಿಡಿಸುವ ಸುಮಾರು ನಾಲ್ಕು ಲೀಟರಿಗೆ ಒಂದು ಔನ್ಸಿನ, ಅಂದರೆ ಸುಮಾರು 30 ಮಿಲಿಲೀಟರಿನ ಬಾಟಲಿ ಸಾಕಾಯಿತು.

ಸಾರಟೋಗಾದಿಂದ ಹೈವೇ 9 ಹತ್ತಿ, ಬೆಟ್ಟದ ಮೇಲಿನ ಸ್ಕೈಲೈನ್ ರಸ್ತೆಯಲ್ಲಿ ಒಂದಿಷ್ಟು ದೂರ ಓಡಿಸಿ ಬಂದೆ. ಇದು ಕೆಲಸದ ನೆಪದಲ್ಲಿ ಮಾಡಿದ ಮೋಜು ಎಂದು ಮನೆಯವರು ಆಪಾದಿಸಿದರು, ನಾನು ವಾದಿಸಲಿಲ್ಲ. ಆದರೆ ಆಯಿಲ್ ಚೆನ್ನಾಗಿ ಕಾಯದೆ, ಎಂಜಿನ್ ಎತ್ತರದ ವೇಗದಲ್ಲಿ ತಿರುಗದೆ, ಸಣ್ಣ ಸೋರಿಕೆಗಳು ಹೊರಗೆ ಬರುವುದಿಲ್ಲ ಎಂಬುದು ನಿಜ. ರಾತ್ರಿ ದೀಪ ಆರಿಸಿ, ಕನ್ನಡಕ ಹಾಕಿಕೊಂಡು, ಬಾನೆಟ್ ಎತ್ತಿ ಟಾರ್ಚು ಬಿಟ್ಟೆ. ಎಂಜಿನ್ನಿನ ಮುಂಭಾಗ ಪೂರ್ತಿ ಕತ್ತಲು. ಹಿಂಭಾಗದಲ್ಲಿ, ಫೈರ್‌ವಾಲಿನ ಕಡೆ ತಲೆ ತೂರಿಸಿ ನೋಡಿದಾಗ ಸೆನ್ಸರಿನ ಕುತ್ತಿಗೆಯ ಸುತ್ತ, ಹುಣಸೆಬೀಜದಷ್ಟು ಜಾಗದಲ್ಲಿ, ಎಳೆಬಾಳೆಯ ಹಸಿರು ಮಿಶ್ರಿತ ಹಳದಿ ಹೊಳಪು. ಅಲ್ಲಿಂದ ಒಂದು ಗೆರೆ ಹೀಟರಿನ ರಬ್ಬರ್ ಪೈಪನ್ನು ದಾಟಿ ಬೆಲ್ ಹೌಸಿಂಗಿನ ಮೇಲೆ ಇಳಿದು, ಗ್ಯಾರೇಜಿನವರು ನನಗೆ ತೋರಿಸಿದ ಅದೇ ಹನಿಯವರೆಗೆ ಹೋಗಿತ್ತು. ಬೆಲ್ ಹೌಸಿಂಗಿನ ಒಳಗಿನಿಂದ ಏನೂ ಬಂದಿರಲಿಲ್ಲ.

ಕ್ಯಾಲಿಫೋರ್ನಿಯದಲ್ಲಿ ಗ್ಯಾರೇಜಿನವರು ಕೆಲಸ ಶುರು ಮಾಡುವ ಮೊದಲು ಅಂದಾಜು ವೆಚ್ಚವನ್ನು ಬರೆದುಕೊಟ್ಟು ಒಪ್ಪಿಗೆ ಪಡೆಯಬೇಕು, ಮತ್ತು ಗಿರಾಕಿ ಮೊದಲೇ ಕೇಳಿಕೊಂಡಿದ್ದರೆ ಬಿಚ್ಚಿದ ಹಳೆಯ ಭಾಗವನ್ನು ಹಿಂದಿರುಗಿಸಬೇಕು. ಪುಣ್ಯಕ್ಕೆ ನಾನು ಕೇಳಿ ಇಟ್ಟುಕೊಂಡಿದ್ದೆ. ಅಂದು ರಾತ್ರಿಯೇ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಆ ಹಳೆಯ ಸೀಲನ್ನು ತೆಗೆದು ಬೆರಳಿನಿಂದ ಒತ್ತಿ ನೋಡಿದೆ. ಅದರ ತುಟಿ ಮೆತ್ತಗಿತ್ತು, ಎಲ್ಲಿಯೂ ಸೀಳಿರಲಿಲ್ಲ. ಅದರ ಪಕ್ಕದಲ್ಲೇ ಇದ್ದ ಹಿಂದಿನ ಮಾಲೀಕರ ಕಾಗದಗಳಲ್ಲಿ ಕ್ಲಚ್ ಬದಲಿಸಿದಾಗ ಆ ಸೀಲನ್ನೂ ಬದಲಿಸಿದ ರಸೀದಿ ಇತ್ತು. ಸಾಕ್ಷಿ ಕಾರಿನೊಳಗೇ ಇದ್ದರೂ ನಾನೂ ಓದಿರಲಿಲ್ಲ, ಗ್ಯಾರೇಜಿನವರೂ ಕೇಳಿರಲಿಲ್ಲ.

ಸೆನ್ಸರಿನ ಓ-ರಿಂಗಿಗೆ, ಅಂದರೆ ಸೀಲಾಗಿ ಕೂರುವ ರಬ್ಬರ್ ಉಂಗುರಕ್ಕೆ, ಐದು ಡಾಲರ್ ಕೂಡ ಆಗಲಿಲ್ಲ. ಅದನ್ನು ಹಿಡಿದಿರುವುದು 12 ಮಿಲಿಮೀಟರ್ ಸ್ಪಾನರಿನ ಒಂದೇ ಬೋಲ್ಟು. ಆದರೆ ಸೆನ್ಸರನ್ನು ಎಷ್ಟು ತಿರುಗಿಸಿ ಕೂರಿಸಿದ್ದೇವೆ ಎಂಬುದರ ಮೇಲೆಯೇ ಎಂಜಿನ್ನಿನ ಇಗ್ನಿಷನ್ ಟೈಮಿಂಗ್ (ಸ್ಪಾರ್ಕ್ ಹಾರುವ ಕ್ಷಣ) ನಿಂತಿರುವುದರಿಂದ ಬಿಚ್ಚುವ ಮೊದಲು ಬಿಳಿ ಬಣ್ಣದಿಂದ ಗುರುತಿನ ಗೆರೆ ಹಾಕಿಕೊಳ್ಳಲೇಬೇಕು. ಹೊರಬಂದ ಓ-ರಿಂಗ್ ದುಂಡಗಿರಲಿಲ್ಲ, ಚಪ್ಪಟೆಯಾಗಿ ಬಳೆಯಂತೆ ಗಟ್ಟಿಯಾಗಿತ್ತು, ಉಗುರಿನಿಂದ ಎಬ್ಬಿಸುವಾಗ ಬಳೆಯಂತೆಯೇ ಚಟ್ಟನೆ ಎರಡಾಯಿತು. ಹೊಸದಕ್ಕೆ ಎಣ್ಣೆ ಸವರಿ ಕೂರಿಸಿ, ಡಯಾಗ್ನೋಸ್ಟಿಕ್ ಪೆಟ್ಟಿಗೆಯ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿ, ಟೈಮಿಂಗ್ ಲೈಟಿನಲ್ಲಿ 10 ಡಿಗ್ರಿ ಇದೆಯೆಂದು ಖಾತ್ರಿ ಮಾಡಿಕೊಂಡೆ. ರಟ್ಟು ಒಣಗಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ಹೊಗಳಿಕೆಯ ವಿಮರ್ಶೆಯಾಗುತ್ತಿತ್ತು. ಮೂರು ತಿಂಗಳ ಮೇಲೆ ಮತ್ತೆ ಮಚ್ಚೆ ಕಂಡಿತು. ಡೈ ಇನ್ನೂ ಆಯಿಲ್‌ನಲ್ಲಿ ಇದ್ದದ್ದರಿಂದ ಟಾರ್ಚು ಬಿಟ್ಟರೆ ಸಾಕಾಯಿತು, ಇದು ಕಿಟ್ಟಿನ ಒಂದು ದೊಡ್ಡ ಅನುಕೂಲ. ಈ ಸಲ ಹೊಳೆದದ್ದು ಎಂಜಿನ್ನಿನ ಮೇಲಿನ ಮುಚ್ಚಳವಾದ ವಾಲ್ವ್ ಕವರಿನ ಹಿಂದಿನ ಮೂಲೆ. ಗ್ಯಾಸ್ಕೆಟ್ ಬದಲಿಸಿ, ಮೂಲೆಗಳಿಗೆ ಸಿಲಿಕೋನ್ ಅಂಟು ಹಚ್ಚಿ, ಬೋಲ್ಟುಗಳನ್ನು 10 ನ್ಯೂಟನ್ ಮೀಟರ್ ದಾಟದಂತೆ ಹದವಾಗಿ ಬಿಗಿದೆ. ಹೆಚ್ಚು ಬಿಗಿದರೆ ಕವರೇ ಸೊಟ್ಟಗಾಗುತ್ತದೆ. ಆರು ವಾರಕ್ಕೆ ಅಲ್ಲಿಯೇ ಮತ್ತೆ ಹೊಳಪು, ಜೊತೆಗೆ ಡಿಪ್‌ಸ್ಟಿಕ್ಕಿನ ಬುಡದಲ್ಲೂ ಒಂದು ಚುಕ್ಕಿ.

ಶಿವಮೊಗ್ಗದಲ್ಲಿ ಮೂವತ್ತು ವರ್ಷ ಗ್ಯಾರೇಜು ನಡೆಸಿ ಈಗ ನಿವೃತ್ತರಾಗಿರುವ ಸೋದರಮಾವನಿಗೆ ವೀಡಿಯೋ ಕರೆಯಲ್ಲಿ ಇದನ್ನೆಲ್ಲ ತೋರಿಸಿದೆ. ಮಿಯಾಟಾವನ್ನು ಅವರು ಕಣ್ಣಲ್ಲಿ ಕಂಡವರಲ್ಲ. ಟಾರ್ಚಿನ ಹೊಳಪನ್ನು ಆಸಕ್ತಿಯಿಂದ ನೋಡಿ, "ಚೆನ್ನಾಗಿದೆ ಕಣೋ, ಎಲ್ಲಿಂದ ಬರ್ತಿದೆ ಅಂತ ತೋರಿಸ್ತು. ಯಾಕೆ ಬರ್ತಿದೆ ಅಂತ ಹೇಳ್ತಾ ಅದು? ಬ್ರೀದರ್ ನೋಡಿದ್ಯಾ?" ಎಂದರು. ನೋಡಿರಲಿಲ್ಲ. "ಒಳಗೆ ಗಾಳಿ ಕಟ್ಕೊಂಡ್ರೆ ಯಾವ ಸೀಲು ಹಾಕಿದ್ರೂ ನಿಲ್ಲಲ್ಲ ಮಾರಾಯ" ಎಂದು ಫೋನಿಟ್ಟರು.

ಅವರು ಬ್ರೀದರ್ ಎಂದದ್ದು ಇಲ್ಲಿ ಪಿಸಿವಿ ವಾಲ್ವ್. ಪಿಸ್ಟನ್ನಿನ ಪಕ್ಕದಿಂದ ನುಸುಳಿ ಕ್ರ್ಯಾಂಕ್‌ಕೇಸಿಗೆ ಇಳಿಯುವ ಅನಿಲವನ್ನು ಇನ್‌ಟೇಕ್ ಮ್ಯಾನಿಫೋಲ್ಡ್ ಎಳೆದುಕೊಳ್ಳುವಂತೆ ಮಾಡುವುದು ಇದರ ಕೆಲಸ. ಇದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಲ್ಲಿ ಸೀಲು ದುರ್ಬಲವೋ ಅಲ್ಲಿಂದ ಎಣ್ಣೆಯನ್ನು ಹೊರಗೆ ದೂಡುತ್ತದೆ. ಒಂದು ಕಡೆ ಮುಚ್ಚಿದರೆ ಅದಕ್ಕಿಂತ ಸ್ವಲ್ಪ ಗಟ್ಟಿಯಾದ ಇನ್ನೊಂದು ಕಡೆ ಸರದಿ. ವಾಲ್ವ್ ಕವರಿನಿಂದ ಅದನ್ನು ಕಿತ್ತು ಕಿವಿಯ ಬಳಿ ಅಲ್ಲಾಡಿಸಿದೆ. ಸರಿಯಾಗಿರುವುದು ಗಿಲಕಿಯಂತೆ ಟಕಟಕ ಎನ್ನಬೇಕು, ನನ್ನದು ಮೂಕವಾಗಿತ್ತು. ಹತ್ತು ಡಾಲರ್ ಒಳಗೆ ಹೊಸದು ಬಂತು. ಅದು ಕೂತಿದ್ದ ರಬ್ಬರ್ ಬುಷ್ಷೂ ಬಿಸ್ಕತ್ತಿನಂತೆ ಪುಡಿಯಾದ್ದರಿಂದ ಅದನ್ನೂ ಬದಲಿಸಿದೆ. ಎಂಜಿನ್ ನಿಧಾನ ಓಟದಲ್ಲಿದ್ದಾಗ ವಾಲ್ವಿನ ತುದಿಗೆ ಬೆರಳಿಟ್ಟರೆ ಈಗ ಚೆನ್ನಾಗಿ ಎಳೆಯುತ್ತದೆ. ವಾಲ್ವ್ ಕವರಿನ ಗ್ಯಾಸ್ಕೆಟ್ಟನ್ನು ಎರಡನೆಯ ಸಲ ಬದಲಿಸಲಿಲ್ಲ. ಬೋಲ್ಟುಗಳನ್ನು ಮುಟ್ಟದೆ, ಜಾಗವನ್ನು ಒರೆಸಿ ಬಿಟ್ಟೆ. ಐದು ತಿಂಗಳಾಯಿತು, ಆ ಮೂಲೆ ಒಣಗಿಯೇ ಇದೆ.

ಕಿಟ್ಟಿನ ದೋಷಗಳನ್ನೂ ಹೇಳಿಬಿಡುತ್ತೇನೆ. ಜೊತೆಗೆ ಬರುವ ಟಾರ್ಚು ಬಡಪಾಯಿ, ಹಗಲಿನಲ್ಲಿ ಪ್ರಯೋಜನವಿಲ್ಲ, ಎರಡು ಅಡಿ ದೂರಕ್ಕೆ ಬೆಳಕು ಸಾಯುತ್ತದೆ. ಸಾಧ್ಯವಿದ್ದವರು ಬೇರೆ ಒಳ್ಳೆಯ ಟಾರ್ಚು ಕೊಳ್ಳುವುದು ಲೇಸು. ಹಳದಿ ಕನ್ನಡಕ ಮಾತ್ರ ಬರೀ ಅಲಂಕಾರವಲ್ಲ, ಟಾರ್ಚಿನ ನೀಲಿ ಬೆಳಕನ್ನು ತಡೆದು ಹೊಳಪನ್ನು ಎದ್ದು ಕಾಣಿಸುತ್ತದೆ. ಹಸಿರು ಕೂಲೆಂಟ್ ಕೂಡ ಈ ಬೆಳಕಿನಲ್ಲಿ ತಾನಾಗಿಯೇ ಹೊಳೆಯುತ್ತದೆ. ರೇಡಿಯೇಟರಿನ ಪೈಪಿನ ಬಳಿ ಕಂಡ ಒಂದು ಹಸಿರು ಕಲೆಯನ್ನು ಎಣ್ಣೆ ಎಂದು ತಿಳಿದು ನಾನು ಅರ್ಧ ಗಂಟೆ ಹಾಳುಮಾಡಿದೆ. ಸುರಿಯುವಾಗ ಒಂದು ಹನಿ ಹೊರಗೆ ಬಿದ್ದರೂ ಅದೇ ಮುಂದೆ ಸುಳ್ಳು ಸೋರಿಕೆಯಾಗಿ ಕಾಡುತ್ತದೆ, ಆದ್ದರಿಂದ ಕೊಳವೆ ಬಳಸಿ. ಕೈಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ.

ಸೋರಿಕೆ ಎಲ್ಲಿಂದ ಎಂದು ಕಣ್ಣಿಗೆ ಕಾಣುತ್ತಿದ್ದರೆ, ಅಥವಾ ದಿನಕ್ಕೆ ಅರ್ಧ ಲೀಟರ್ ಹೋಗುತ್ತಿದ್ದರೆ ಇದು ಬೇಡ, ನೇರವಾಗಿ ರಿಪೇರಿಗೆ ಹೋಗಿ. ಗೇರ್‌ಬಾಕ್ಸ್ ಇಳಿಸಬೇಕು ಎಂದು ಯಾರಾದರೂ ಅಂದಾಜು ಪಟ್ಟಿ ಕೈಗಿಟ್ಟಾಗ ಮಾತ್ರ ಸಹಿ ಹಾಕುವ ಮೊದಲು ಇದೊಂದನ್ನು ಹಾಕಿ ನೋಡಿ.

ಕಳೆದ ವಾರದ ತಪಾಸಣೆಯಲ್ಲಿ, ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಆಯಿಲ್ ಪ್ಯಾನಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಹೊಳಪು ಕಂಡಿದೆ. ಆ ಪ್ಯಾನನ್ನು ಬಿಚ್ಚಬೇಕಾದರೆ ಎಂಜಿನ್ನನ್ನು ಎತ್ತಬೇಕು ಅಥವಾ ಮುಂದಿನ ಸಬ್‌ಫ್ರೇಮ್ ಇಳಿಸಬೇಕು. ಅದು ಇನ್ನೂ ಹನಿಯಾಗಿಲ್ಲ. ಜಾಗವನ್ನು ಒರೆಸಿ, ದಿನಾಂಕ ಬರೆದಿಟ್ಟು, ರಟ್ಟನ್ನು ಮತ್ತೆ ಕೆಳಗೆ ಹಾಸಿದ್ದೇನೆ.