‘ದಿ ಸ್ಕಲ್ಸ್’ ನೋಡುವುದೋ, ‘ದಿ ರಯಟ್ ಕ್ಲಬ್’ ನೋಡುವುದೋ?

ಪ್ರತಿಷ್ಠಿತ ವಿಶ್ವವಿದ್ಯಾಲಯದ ಗುಪ್ತಕೂಟದ ಕಥೆ ಬೇಕು, ಆದರೆ ಒಂದೇ ಸಿನಿಮಾಕ್ಕೆ ಪುರಸೊತ್ತು ಎನ್ನುವವರು ಅವಧಿ ನೋಡಿ ಆರಿಸುವಂತಿಲ್ಲ. ಎರಡೂ ಸುಮಾರು ಒಂದು ಮುಕ್ಕಾಲು ಗಂಟೆಯವು.

ರಾಬ್ ಕೊಹೆನ್ ನಿರ್ದೇಶನದ ‘ದಿ ಸ್ಕಲ್ಸ್’ (2000) ಅಪ್ಪಟ ಥ್ರಿಲ್ಲರ್. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1832ರಲ್ಲಿ ಹುಟ್ಟಿದ ಸ್ಕಲ್ ಅಂಡ್ ಬೋನ್ಸ್ ಎಂಬ ಗುಪ್ತಕೂಟ ಇದಕ್ಕೆ ಪ್ರೇರಣೆ. ದೋಣಿ ಸ್ಪರ್ಧೆಯ ಹುಡುಗ ಲ್ಯೂಕ್ (ಜೋಶುವಾ ಜಾಕ್ಸನ್) ಕೂಟ ಸೇರಿದೊಡನೆ ಕಾರು, ಹಣ ಎಲ್ಲವೂ ಕೈಸೇರುತ್ತವೆ. ಮಣಿಕಟ್ಟಿನ ಮೇಲೆ ಬರೆ ಬೀಳುತ್ತದೆ. ಪತ್ರಕರ್ತ ಗೆಳೆಯನ ಸಾವಿನವರೆಗೆ ಕಥೆ ಬಿಗಿಯಾಗಿದೆ. ಆಮೇಲೆ ನ್ಯಾಯಾಧೀಶ, ಸೆನೆಟರ್, ಪೊಲೀಸ್ ಎಲ್ಲರೂ ಕೂಟದ ಕಡೆಯವರೇ ಆಗುತ್ತ ಹೋಗುವುದರಿಂದ ನಂಬುವುದು ಕಷ್ಟವಾಗುತ್ತದೆ. ಆದರೂ ವೇಗ ಕುಗ್ಗುವುದಿಲ್ಲ.

ಲೋನ್ ಶೆರ್ಫಿಗ್ ಅವರ ‘ದಿ ರಯಟ್ ಕ್ಲಬ್’ನಲ್ಲಿ (2014) ಕೊಲೆಯ ಒಗಟಿಲ್ಲ. ಲಾರಾ ವೇಡ್ ತಮ್ಮದೇ ‘ಪಾಶ್’ ನಾಟಕವನ್ನು ಚಿತ್ರಕಥೆಯಾಗಿಸಿದ್ದಾರೆ. ಅದಕ್ಕೇ ಹೆಚ್ಚಿನ ಭಾಗ ಒಂದೇ ಊಟದ ಮೇಜಿನ ಸುತ್ತ ನಡೆಯುತ್ತದೆ. ಆಕ್ಸ್‌ಫರ್ಡಿನ ಹತ್ತು ಸಿರಿವಂತ ಹುಡುಗರು ಹಳ್ಳಿಯ ಪಬ್ಬಿನಲ್ಲಿ ಕುಳಿತು, ಹತ್ತು ಹಕ್ಕಿಗಳನ್ನು ಒಂದರೊಳಗೊಂದು ತುಂಬಿ ಬೇಯಿಸಿದ ಖಾದ್ಯದಲ್ಲಿ ಒಂಬತ್ತೇ ಇವೆ ಎಂದು ತಗಾದೆ ತೆಗೆಯುತ್ತಾರೆ. ಆ ಕ್ಷುಲ್ಲಕ ಸಿಟ್ಟು ಹಿಂಸೆಗೆ ತಿರುಗುವ ಪರಿ, ನಮ್ಮ ಮಟ್ಟಿಗೆ, ಮೊದಲ ಚಿತ್ರದ ಯಾವ ಬೆನ್ನಟ್ಟುವಿಕೆಗಿಂತಲೂ ಭಯಾನಕ. ಆರಂಭ ಮಾತ್ರ ನಿಧಾನ. ಮಾತು ಹೆಚ್ಚು, ಹಾಗಾಗಿ ಸಬ್‌ಟೈಟಲ್ ಹಾಕಿಕೊಳ್ಳಿ.

ಹದಿಹರೆಯದ ಮಕ್ಕಳು ಜೊತೆಗಿದ್ದರೆ ‘ದಿ ಸ್ಕಲ್ಸ್’ ಸಾಕು: ಅಮೆರಿಕದಲ್ಲಿ ಅದಕ್ಕೆ ಪಿಜಿ-13 (ಹದಿಮೂರರೊಳಗಿನ ಮಕ್ಕಳ ಪೋಷಕರಿಗೆ ಎಚ್ಚರಿಕೆ), ಇನ್ನೊಂದಕ್ಕೆ ಆರ್ (ಹದಿನೇಳರೊಳಗಿನವರು ದೊಡ್ಡವರ ಜೊತೆ ಮಾತ್ರ ನೋಡಬಹುದು) ಪ್ರಮಾಣಪತ್ರ. ದೊಡ್ಡವರೇ ಇದ್ದರೆ ಖಂಡಿತ ‘ದಿ ರಯಟ್ ಕ್ಲಬ್’ ಹಾಕಿ.