ಸೀರೆ ವ್ಯಾಪಾರಕ್ಕೆ ಎಐ ಫೋಟೋ: 2023ರಿಂದ ಪ್ರಾಂಪ್ಟ್ ಬರೆಯುತ್ತಿರುವವಳ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಮಾರಾಟಕ್ಕಿಟ್ಟ ಸೀರೆಯ ಫೋಟೋವನ್ನು ಎಐ ಕೈಲಿ ಮಾಡಿಸಬೇಡಿ. ಆದರೆ ಆ ಫೋಟೋ ತೆಗೆಯುವುದಕ್ಕೆ ಮುಂಚೆ ಇರುವ ಕೆಲಸ ಇದೆಯಲ್ಲ, ಅದಕ್ಕೆ ಇದರಷ್ಟು ಒಳ್ಳೆಯ ಸಾಧನ ನನಗೆ ಇನ್ನೊಂದು ಸಿಕ್ಕಿಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ.

ನಮ್ಮದು ಹುಬ್ಬಳ್ಳಿಯಲ್ಲಿ ಕೈಮಗ್ಗದ ಸೀರೆಗಳ ಸಣ್ಣ ವ್ಯಾಪಾರ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕಸೂತಿ ಹಾಕಿದ ಸೀರೆ ಮಾರುತ್ತೇವೆ. ಗಿರಾಕಿಗಳು ಹೆಚ್ಚಾಗಿ ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂಲಕವೇ ಬರುತ್ತಾರೆ. ಅವರು ಬಟ್ಟೆ ಮುಟ್ಟಿ ನೋಡುವ ಹಾಗಿಲ್ಲ, ಫೋಟೋ ನೋಡಿಯೇ ದುಡ್ಡು ಹಾಕುತ್ತಾರೆ. ಹಾಗಾಗಿ ಫೋಟೋ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಕಟ್ಟುನಿಟ್ಟು.

2023ರಲ್ಲಿ ಮಿಡ್‌ಜರ್ನಿ ಅನ್ನುವ, ಬರೆದದ್ದನ್ನು ಚಿತ್ರ ಮಾಡಿಕೊಡುವ ಎಐ ಟೂಲ್‌ನಿಂದ ಶುರು ಮಾಡಿದೆ. ಆಮೇಲೆ ಚಾಟ್‌ಜಿಪಿಟಿ, ಜೆಮಿನಿ, ಅಡೋಬಿ ಫೈರ್‌ಫ್ಲೈ ಎಲ್ಲವನ್ನೂ ಬಳಸಿದೆ. ಇಲ್ಲಿ ಹೇಳುವ ದೋಷಗಳನ್ನು ಯಾವುದೋ ಒಂದು ಕಂಪನಿಯ ತಲೆಗೆ ಕಟ್ಟುವುದಿಲ್ಲ. ಈ ಬಗೆಯ ಟೂಲ್‌ಗಳಲ್ಲಿ ಅವು ಹೆಚ್ಚುಕಡಿಮೆ ಎಲ್ಲ ಕಡೆ ಇರುವಂಥವು.

ಹೊಸಬರು ಮೊದಲು ಬಿಡಬೇಕಾದ್ದು ಹೊಗಳಿಕೆಯ ಪದಗಳನ್ನು. ಸುಂದರ, ರಾಯಲ್, ಎಲಿಗೆಂಟ್, 8ಕೆ, ಅವಾರ್ಡ್ ವಿನ್ನಿಂಗ್ ಅಂತೆಲ್ಲ ಸೇರಿಸುತ್ತಾ ಹೋದರೆ ಪ್ರಾಂಪ್ಟ್, ಅಂದರೆ ಎಐಗೆ ಬರೆದುಕೊಡುವ ಮಾತು, ಉದ್ದ ಆಗುತ್ತದೆ, ಚಿತ್ರ ಸುಧಾರಿಸುವುದಿಲ್ಲ. 2023ರ ಡಿಸೆಂಬರ್‌ನಲ್ಲಿ 6ನೇ ಆವೃತ್ತಿ ಬಿಟ್ಟಾಗ ಮಿಡ್‌ಜರ್ನಿಯವರೇ ಇಂಥ ಪದಗಳನ್ನು ಬಿಟ್ಟುಬಿಡಿ, ಪ್ರಾಂಪ್ಟ್ ಬರೆಯುವುದನ್ನು ಹೊಸದಾಗಿ ಕಲಿಯಿರಿ ಅಂದಿದ್ದರು. ಕೆಲಸಕ್ಕೆ ಬರುವುದು ಫೋಟೋಗ್ರಾಫರ್ ಸ್ಟುಡಿಯೋದಲ್ಲಿ ಆಡುವ ಮಾತು. ಬೆಳಕು ಯಾವ ಕಡೆಯಿಂದ ಬರುತ್ತಿದೆ? ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ? ಬಟ್ಟೆ ದಪ್ಪವೋ ತೆಳುವೋ? ಹಿಂದೆ ಏನಿದೆ?

ನಾನು ಪದೇ ಪದೇ ಬಳಸುವ ಒಂದು ಪ್ರಾಂಪ್ಟ್ ಇಲ್ಲಿ ಕೊಡುತ್ತೇನೆ. ಬರೆಯುವುದು ಇಂಗ್ಲಿಷಿನಲ್ಲಿ, ಅದರ ಸಾರಾಂಶ ಹೀಗಿದೆ: "ಗಟ್ಟಿ ಹತ್ತಿಯ ಕಡುಹಸಿರು ಸೀರೆ, ಅಗಲವಾದ ಕೆಂಪು ಅಂಚು, ನೆರಿಗೆಗಳು ಬಿಡಿಬಿಡಿಯಾಗಿ ನಿಂತಿವೆ. ಉಟ್ಟವಳಿಗೆ ಮೂವತ್ತೈದು ವಯಸ್ಸು, ಕಡುಕಂದು ಮೈಬಣ್ಣ, ಎಣ್ಣೆ ಹಚ್ಚಿ ಕಟ್ಟಿದ ತುರುಬು, ಬರಿಗೈ. ಸುಣ್ಣ ಬಳಿದ ಗೋಡೆ, ಮರದ ಬಾಗಿಲ ಚೌಕಟ್ಟು. ಬೆಳಕು ಎಡಗಡೆಯ ಕಿಟಕಿಯಿಂದ ಮಾತ್ರ, ಬಲಗಡೆ ಮೃದು ನೆರಳು. 85 ಎಂಎಂ ಲೆನ್ಸ್, ಸೊಂಟದಿಂದ ಮೇಲೆ, ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿ."

ಸೀರೆಯನ್ನು ಮೊದಲು ಇಟ್ಟಿದ್ದಕ್ಕೆ ಕಾರಣ ಇದೆ. ಮೊದಲು ಬಂದ ಪದಗಳಿಗೆ ಸಾಮಾನ್ಯವಾಗಿ ತೂಕ ಜಾಸ್ತಿ. ಹೆಣ್ಣುಮಗಳಿಂದ ಶುರು ಮಾಡಿದರೆ ಮುಖವೇ ಚಿತ್ರ ತುಂಬಿಕೊಳ್ಳುತ್ತದೆ, ಸೀರೆ ಮೂಲೆಗೆ ಸರಿಯುತ್ತದೆ.

ಲೆನ್ಸ್ ಮಾತು ಕೇಳಿ ಕೆಲವರು ನಗುತ್ತಾರೆ. ಕಂಪ್ಯೂಟರ್‌ನಲ್ಲಿ ಲೆನ್ಸ್ ಎಲ್ಲಿದೆ ಅಂತ. ಇಲ್ಲ, ನಿಜ. ಆದರೆ ಈ ಎಐ ಮಾಡೆಲ್‌ಗಳು ಕಲಿತದ್ದು ಫೋಟೋಗಳಿಂದ, ಮತ್ತು ಆ ಫೋಟೋಗಳ ಜೊತೆಗಿದ್ದ ಬರಹದಿಂದ. 85 ಎಂಎಂ ಅಂತ ಬರೆದಿದ್ದ ಫೋಟೋಗಳಲ್ಲಿ ಹೆಚ್ಚಿನವು ಪೋರ್ಟ್ರೇಟ್. ಆದ್ದರಿಂದ ಆ ಪದ ಹಾಕಿದರೆ ಹಿನ್ನೆಲೆ ಮಸುಕಾಗುತ್ತದೆ, ಮುಖದ ಅಳತೆ ಸರಿ ಬರುತ್ತದೆ. 24 ಎಂಎಂ ಅಂದರೆ ಇಡೀ ಕೋಣೆ ಕಾಣಿಸುತ್ತದೆ. ಅದೇ ಲೆನ್ಸ್ ಎಷ್ಟು ತೆರೆದಿದೆ ಅನ್ನುವ ಅಳತೆಯಲ್ಲಿ ಎಫ್ 1.8 ಬದಲು ಎಫ್ 2.8 ಅಂತ ಬರೆದು ಲೆಕ್ಕಾಚಾರದ ವ್ಯತ್ಯಾಸ ಬಯಸಿದರೆ ಸಿಗುವುದಿಲ್ಲ. ಅಲ್ಲಿ ಅಳತೆ ಮಾಡುವವರು ಯಾರೂ ಇಲ್ಲ, ಅಲ್ವಾ?

ಇನ್ನು ಬರಿಗೈ. "ಬಳೆ ಬೇಡ" ಅಂತ ಬರೆದರೆ ಎಷ್ಟೋ ಸಲ ಮೊಣಕೈವರೆಗೆ ಬಳೆ ಬರುತ್ತದೆ. ಚಿತ್ರ ಬಿಡಿಸುವ ಮಾಡೆಲ್‌ಗಳಿಗೆ ಬೇಡ ಅನ್ನುವುದು ಸರಿಯಾಗಿ ತಿಳಿಯುವುದಿಲ್ಲ, ಬಳೆ ಅನ್ನುವುದು ಮಾತ್ರ ಗಟ್ಟಿಯಾಗಿ ಕೇಳಿಸುತ್ತದೆ. ಮಿಡ್‌ಜರ್ನಿಯಲ್ಲಿ ಬೇಡದ್ದನ್ನು ಹೇಳಲಿಕ್ಕೆ "ನೋ" ಅನ್ನುವ ಬೇರೆ ಸೂಚನೆ ಇದೆ, ಅದು ಪ್ರಾಂಪ್ಟ್‌ನ ಕೊನೆಯಲ್ಲಿ ಬರುತ್ತದೆ. ಉಳಿದ ಕಡೆ ಏನು ಇರಬೇಕೋ ಅದನ್ನಷ್ಟೇ ಬರೆಯುವುದು ಒಳ್ಳೆಯದು. ಖಾಲಿ ಗೋಡೆ, ಬರಿಗೈ, ಬಾಯಿ ಮುಚ್ಚಿದ ನಗು.

ಬಟ್ಟೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಎಲ್ಲರೂ ಸೋಲುವುದು ಇಲ್ಲೇ. "ಸಿಲ್ಕ್ ಸೀರೆ" ಅಂತ ಬರೆದು ನೋಡಿ, ಸ್ಯಾಟಿನ್ ಥರ ಥಳಥಳ ಹೊಳೆಯುವ ಬಟ್ಟೆ ಬರುತ್ತದೆ. ಮೈಸೂರು ಸಿಲ್ಕ್ ಹಾಗೆ ಹೊಳೆಯುವುದಿಲ್ಲ. ಅದು ಕ್ರೇಪ್, ನೂಲಿಗೆ ಹುರಿ ಜಾಸ್ತಿ, ಹೊಳಪು ಮಂದ, ಮೈಮೇಲೆ ಇಳಿಬೀಳುತ್ತದೆ. ಆದ್ದರಿಂದ ಹೆಸರಿನ ಜೊತೆಗೆ ಬಟ್ಟೆಯ ನಡವಳಿಕೆಯನ್ನೂ ಬರೆಯುತ್ತೇನೆ: ಮಂದ ಹೊಳಪು, ಭಾರಕ್ಕೆ ನೇರ ಕೆಳಗೆ ಇಳಿಯುವ ನೆರಿಗೆ, ಒಂದೇ ಬಣ್ಣದ ಒಡಲು, ಕಿರಿದಾದ ಜರಿ ಅಂಚು. ಹೊಸ ಹತ್ತಿ ಸೀರೆಗೆ ಇದರ ತಿರುಗುಮುರುಗು. ಗಂಜಿ ಹಾಕಿದ ಬಿಗಿ, ಉಬ್ಬಿ ನಿಂತ ನೆರಿಗೆ, ಹೊಳಪೇ ಇಲ್ಲ. ಹೀಗೆ ಬರೆಯಲು ಶುರು ಮಾಡಿದ ಮೇಲೆ ಚಿತ್ರದಲ್ಲಿ ಬಟ್ಟೆಗೆ ತೂಕ ಬಂತು.

ಮುಖ, ಮೈಬಣ್ಣದ ಕಥೆಯೇ ಬೇರೆ. ಸುಮ್ನೆ "ಭಾರತೀಯ ಮಹಿಳೆ" ಅಂದರೆ ಬರುವುದು ಬಹುಪಾಲು ಬಿಳಿ ಮೈಬಣ್ಣದ ಮದುಮಗಳು, ಮೈತುಂಬ ಒಡವೆ. ರೆಸ್ಟ್ ಆಫ್ ವರ್ಲ್ಡ್ ಎಂಬ ಸುದ್ದಿಸಂಸ್ಥೆ 2023ರಲ್ಲಿ ಹಲವು ದೇಶಗಳ ಹೆಸರು ಹಾಕಿ 3,000 ಎಐ ಚಿತ್ರ ಮಾಡಿಸಿ ನೋಡಿತ್ತು. "ಭಾರತೀಯ ವ್ಯಕ್ತಿ" ಅಂದದ್ದಕ್ಕೆ ಹೆಚ್ಚುಕಡಿಮೆ ಎಲ್ಲವೂ ಗಡ್ಡ ಬಿಟ್ಟ ಮುದುಕರ ಚಿತ್ರಗಳೇ. ನಮ್ಮ ಸೀರೆ ಉಡುವವರು ಬ್ಯಾಂಕಿಗೆ, ಶಾಲೆಗೆ ಹೋಗುವ ಹೆಂಗಸರು. ಅವರನ್ನು ಪಡೆಯಬೇಕಾದರೆ ವಯಸ್ಸು, ಮೈಬಣ್ಣ, ಕಣ್ಣಿನ ಕೆಳಗಿನ ಗೆರೆ, ಕೈಗಡಿಯಾರ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಸಿಗುವುದಿಲ್ಲ. ಇದು ನನಗೆ ಬೇಜಾರಿನ ವಿಷಯ. ಕಪ್ಪು ಮೈಬಣ್ಣವನ್ನು ಪ್ರತಿ ಸಲ ಕೇಳಿ ಪಡೆಯಬೇಕು, ಬಿಳಿಯದು ಮಾತ್ರ ಕೇಳದೆಯೇ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಇಳಕಲ್ ಸೀರೆ ಬರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಇಳಕಲ್ ಸೀರೆಯ ಗುಟ್ಟು ತೋಪ್ ತೆನಿ ಸೆರಗು. ಒಡಲಿನ ಹಾಸು, ಅಂದರೆ ಉದ್ದಕ್ಕೆ ಕಟ್ಟುವ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಸಾಂಪ್ರದಾಯಿಕ ಸೀರೆಯಲ್ಲಿ ಒಡಲಿನದು ಹತ್ತಿ, ಸೆರಗಿನದು ಕೆಂಪು ರೇಷ್ಮೆ. ಈ ಎರಡರ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಮಗ್ಗದ ಮೇಲೆ ಜೋಡಿಸುತ್ತಾರೆ. ಸೆರಗಿನ ಕೆಂಪಿನ ಮೇಲೆ ಬಿಳಿಯಲ್ಲಿ ಕೋಟೆ ಕೊಮ್ಮೆ, ಜೋಳದ ತೆನೆ, ಹಣಿಗೆಯ ಆಕಾರಗಳು ಬರುತ್ತವೆ. ಒಡಲಿನ ಬಣ್ಣ ಎಲ್ಲಿ ಮುಗಿಯಿತು, ಕೆಂಪು ಎಲ್ಲಿ ಶುರುವಾಯಿತು ಅನ್ನುವುದು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ.

ಎಐಗೆ ಇದು ಗೊತ್ತಿಲ್ಲ. ಹಸಿರು ಒಡಲಿನ ಚೌಕಳಿ ನೇರ ಸೆರಗಿನೊಳಗೆ ನುಗ್ಗುತ್ತದೆ. ಹಸಿರು ನಿಧಾನಕ್ಕೆ ಕೆಂಪಾಗುತ್ತದೆ, ಬಣ್ಣ ಅದ್ದಿ ತೆಗೆದ ಹಾಗೆ. ಭುಜದ ಮೇಲೆ ಅಂಚು ನಾಲ್ಕು ಬೆರಳು ಅಗಲ, ಬೆನ್ನಿಗೆ ಬರುವಷ್ಟರಲ್ಲಿ ಎರಡೇ ಬೆರಳು. ಇಳಕಲ್‌ನ ಸಾಂಪ್ರದಾಯಿಕ ಗೋಮಿ ಅಂಚು ಕೇಳಿದರೆ ಯಾವುದೋ ಬಳ್ಳಿಯ ಜರಿ ಕೆಲಸ ಬರುತ್ತದೆ. ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ, ಅದೇ ತೊಂದರೆ. ನಮಗೆ ಸೀರೆ ನೇಯ್ದುಕೊಡುವ ಕಾಕಾಗೆ ಒಮ್ಮೆ ಫೋನಿನಲ್ಲಿ ಇಂಥದ್ದೊಂದು ಚಿತ್ರ ತೋರಿಸಿದೆ. ಬೆರಳಲ್ಲಿ ದೊಡ್ಡದು ಮಾಡಿ, ಸೆರಗು ಶುರುವಾಗುವ ಜಾಗವನ್ನು ಹುಡುಕಿದರು. "ತಂಗಿ, ಇದರಾಗ ಜೋಡಣಿನ ಇಲ್ಲಲ್ಲವ್ವಾ. ಇದನ್ನ ಯಾವ ಮಗ್ಗದಾಗ ನೇಯ್ದಾರ?" ಅಂದರು. ಗಿರಾಕಿಗಳಲ್ಲೂ ಅವರಂಥ ಕಣ್ಣಿರುವವರು ಇದ್ದಾರೆ. ಇಲ್ಲದವರಿಗೆ ನಾವು ಸುಳ್ಳು ತೋರಿಸಿದ ಹಾಗಾಗುತ್ತದೆ.

ಕಸೂತಿಯೂ ಹಾಗೇ. ಅದರ ಗವಂತಿ, ಮುರ್ಗಿ ಎಂಬ ಎರಡು ಹೊಲಿಗೆಗಳಲ್ಲೂ ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು, ಮುಂದೆ ಕಂಡದ್ದೇ ಹಿಂದೆಯೂ ಕಾಣಬೇಕು. ಎಐ ಎಳೆ ಎಣಿಸುವುದಿಲ್ಲ. ಗೋಪುರದಂಥದ್ದು, ತೇರಿನಂಥದ್ದು ಏನೋ ಬರುತ್ತದೆ, ಹತ್ತಿರದಿಂದ ನೋಡಿದರೆ ಎಡ ಬಲ ಹೊಂದುವುದಿಲ್ಲ.

ಉಡುವ ರೀತಿಯಲ್ಲೂ ಮಿತಿ ಇದೆ. ಕೊಡಗಿನ ಸೀರೆಗೆ ನೆರಿಗೆ ಹಿಂದೆ, ಸೆರಗು ಎದೆಯ ಮೇಲಿಂದ ಸುತ್ತಿ ಬಂದು ಬಲಭುಜದ ಮೇಲೆ ನಿಲ್ಲುತ್ತದೆ. ಇದನ್ನು ಒಂದೊಂದೇ ಹೆಜ್ಜೆಯಾಗಿ ಬರೆದರೂ ಮತ್ತೆ ನೆರಿಗೆ ಮುಂದೆಯೇ ಬರುತ್ತದೆ, ಸೆರಗು ಎಡಭುಜಕ್ಕೇ ಹೋಗುತ್ತದೆ. ಕಲಿತ ಫೋಟೋಗಳಲ್ಲಿ ಆ ಉಡುಗೆಯೇ ಜಾಸ್ತಿ ಇದ್ದಿರಬೇಕು.

2025ರ ಆಗಸ್ಟ್‌ನಲ್ಲಿ ಜೆಮಿನಿಯಲ್ಲಿ ನ್ಯಾನೋ ಬನಾನಾ ಎಂಬ ಫೋಟೋ ಬದಲಿಸುವ ಟೂಲ್ ಬಂದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಸೆಪ್ಟೆಂಬರ್‌ನಲ್ಲಿ ಇನ್‌ಸ್ಟಾಗ್ರಾಂ ತುಂಬ ಹಳೇ ಸಿನಿಮಾ ಶೈಲಿಯ ಸೀರೆ ಫೋಟೋಗಳೇ ಇದ್ದವು, ನೆನಪಿದೆಯಲ್ಲ? ತೆಳು ಶಿಫಾನ್, ಸಂಜೆ ಬಿಸಿಲು, ಗಾಳಿಗೆ ಹಾರುವ ಕೂದಲು. ಎಲ್ಲರೂ ಒಂದೇ ಪ್ರಾಂಪ್ಟ್ ಅನ್ನು ಒಬ್ಬರಿಂದೊಬ್ಬರು ಕಾಪಿ ಮಾಡಿ ಹಾಕಿದ್ದರು, ಹಾಗಾಗಿ ಎಲ್ಲರೂ ಒಂದೇ ಥರ ಕಂಡರು. ನಮ್ಮಂಥವರಿಗೆ ಅದರಲ್ಲಿ ಮುಖ್ಯವಾಗಿದ್ದು ಬೇರೆ. ಇಲ್ಲಿ ನಮ್ಮದೇ ಫೋಟೋ ಕೊಟ್ಟು, ಇದನ್ನು ಹೀಗೆ ಬದಲಿಸು ಅಂತ ಹೇಳಬಹುದು. ಕನ್ನಡದಲ್ಲಿ ಹೇಳಿದರೂ ನಡೆಯುತ್ತದೆ. ಪ್ರಾಂಪ್ಟ್ ಅಂದರೆ ವರ್ಣನೆ ಆಗಿದ್ದದ್ದು ಈಗ ಕೆಲಸದ ಸೂಚನೆ ಆಯಿತು.

ಇದರಲ್ಲೂ ಒಂದು ಹುಷಾರು ಬೇಕು. ಹಿನ್ನೆಲೆ ಮಾತ್ರ ಬದಲಿಸು ಅಂದರೂ ಇಂಥ ಟೂಲ್‌ಗಳು ಕೆಲವೊಮ್ಮೆ ಇಡೀ ಚಿತ್ರವನ್ನು ಹೊಸದಾಗಿ ಬಿಡಿಸುತ್ತವೆ. ದೂರದಿಂದ ಸೀರೆ ಅದೇ. ದೊಡ್ಡದು ಮಾಡಿ ನೋಡಿದರೆ ಅಂಚಿನ ಸಣ್ಣ ವಿನ್ಯಾಸ ಕರಗಿ ನಯವಾಗಿರುತ್ತದೆ, ಚೌಕಳಿಯ ಗೆರೆ ಎಲ್ಲೋ ಒಂದು ಕಾಣೆಯಾಗಿರುತ್ತದೆ. ಅದಕ್ಕೆ ನಾನು ಜಾಗ ಗುರುತು ಹಾಕಿ ಬದಲಿಸುವ ಸೌಲಭ್ಯ ಇರುವ ಟೂಲನ್ನೇ ಬಳಸುತ್ತೇನೆ. ಗೋಡೆಯ ಭಾಗಕ್ಕೆ ಮಾತ್ರ ಗುರುತು. ಆಮೇಲೂ ಮೂಲ ಫೋಟೋದ ಸೀರೆಯನ್ನು ಅದರ ಮೇಲೆ ಕೂರಿಸಿ, ಎರಡೂ ಒಂದೇನಾ ಅಂತ ನೋಡುತ್ತೇನೆ.

ಇದು ನನ್ನ ಮಡಿವಂತಿಕೆ ಅಂದುಕೊಳ್ಳಬೇಡಿ. 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ಜಾಹೀರಾತಿನಲ್ಲಿ ತೋರಿಸಿದ್ದಕ್ಕೂ ಮಾಲಿಗೂ ಹೊಂದಿಕೆ ಇರಬೇಕು. ತೋರಿಸಿದ ಹಾಗೆ ಮಾಲು ಇಲ್ಲದಿದ್ದರೆ ವಾಪಸ್ ತಗೊಳ್ಳುವುದಿಲ್ಲ ಅನ್ನುವ ಹಾಗಿಲ್ಲ. ಎಐ ಚಿತ್ರಗಳಿಗೆ ಗುರುತು ಹಾಕಬೇಕು ಅಂತ ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಕರಡು ತಿದ್ದುಪಡಿಯನ್ನೂ ತಂದಿತು. ನಾವು ಅದಕ್ಕೂ ಮುಂಚಿನಿಂದ ಹಿನ್ನೆಲೆ ಬದಲಿಸಿದ ಫೋಟೋ ಕೆಳಗೆ ಕನ್ನಡದಲ್ಲೇ ಬರೆಯುತ್ತೇವೆ: "ಸೀರೆ ನಿಜದ್ದು, ಹಿನ್ನೆಲೆ ಎಐ." ಗಿರಾಕಿಗಳು ಬೇಜಾರು ಮಾಡಿಕೊಂಡಿಲ್ಲ.

ಬಟ್ಟೆ ತೊಟ್ಟು ಫೋಟೋಗೆ ನಿಲ್ಲುವ ಮಾಡೆಲ್‌ಗಳ ವಿಷಯ ಬಿಡುವ ಹಾಗಿಲ್ಲ. 2025ರ ಆಗಸ್ಟ್ ತಿಂಗಳ ಅಮೆರಿಕದ ವೋಗ್ ಪತ್ರಿಕೆಯಲ್ಲಿ ಗೆಸ್ ಕಂಪನಿಯ ಜಾಹೀರಾತು ಬಂತು. ಅದರಲ್ಲಿದ್ದ ಹುಡುಗಿ ಎಐ ಮಾಡಿದ್ದು, ಹಾಗಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ದೊಡ್ಡ ಗಲಾಟೆ ಆಯಿತು. ಅದೇ ವರ್ಷ ಎಚ್ ಅಂಡ್ ಎಂ 30 ಮಾಡೆಲ್‌ಗಳ ಡಿಜಿಟಲ್ ಪ್ರತಿರೂಪ ಮಾಡುವುದಾಗಿ ಹೇಳಿತು, ಅದರ ಹಕ್ಕು ಆಯಾ ಮಾಡೆಲ್‌ಗಳಿಗೇ ಇರುತ್ತದೆ ಅಂದಿತು. ನನಗೆ ಎರಡನೆಯ ದಾರಿಯೇ ಸರಿ ಅನ್ನಿಸುತ್ತದೆ. ನಮ್ಮ ಸೀರೆ ಉಟ್ಟು ನಿಲ್ಲುವವರು ಊರಿನ ಕಾಲೇಜು ಹುಡುಗಿಯರು, ಒಬ್ಬರು ಟೀಚರ್. ಅವರ ಮುಖವನ್ನು ಯಾವ ಟೂಲ್‌ಗೂ ಕೊಡುವುದಿಲ್ಲ ಅಂತ ಮೊದಲೇ ಮಾತು ಕೊಟ್ಟಿದ್ದೇನೆ. ಮುಖ ಕತ್ತರಿಸಿ, ಸೀರೆ ಭಾಗ ಮಾತ್ರ ಹಾಕುತ್ತೇನೆ.

ಹಾಗಾದರೆ ಮೂರೂವರೆ ಯಾತಕ್ಕೆ? ಶೂಟ್‌ಗೆ ಮುಂಚಿನ ತಯಾರಿಗೆ. ಮೊದಲೆಲ್ಲ ಫೋಟೋಗ್ರಾಫರ್‌ಗೆ "ಸ್ವಲ್ಪ ಹಳ್ಳಿ ಮನೆ ಥರ, ಬೆಚ್ಚಗೆ ಇರಲಿ" ಅಂತ ಬಾಯಲ್ಲಿ ಹೇಳುತ್ತಿದ್ದೆ. ಅವರಿಗೆ ಒಂದು ಅರ್ಥ ಆಗುತ್ತಿತ್ತು, ನನ್ನ ತಲೆಯಲ್ಲಿ ಇನ್ನೊಂದು ಇರುತ್ತಿತ್ತು. ಈಗ ಹಿಂದಿನ ರಾತ್ರಿ ಕೂತು ಅದೇ ಗೋಡೆ, ಅದೇ ಬಣ್ಣ ಹಾಕಿ ಬೆಳಕು ಮಾತ್ರ ಬದಲಿಸುತ್ತಾ ಚಿತ್ರ ತೆಗೆಯುತ್ತೇನೆ. ಮಿಡ್‌ಜರ್ನಿಯಲ್ಲಿ ಸೀಡ್ ನಂಬರ್, ಅಂದರೆ ಚಿತ್ರ ಶುರುವಾಗುವ ಸಂಖ್ಯೆ, ಒಂದೇ ಇಟ್ಟರೆ ಇಂಥ ಹೋಲಿಕೆ ಸುಲಭ. ಬೆಳಿಗ್ಗೆಯ ಓರೆ ಬಿಸಿಲಿನಲ್ಲಿ ಚೌಕಳಿಯ ನೇಯ್ಗೆ ಎದ್ದು ಕಾಣುತ್ತದೆ, ಮೋಡದ ಬೆಳಕಿನಲ್ಲಿ ಖಣದ ಬಣ್ಣ ನಿಜವಾಗಿ ಬರುತ್ತದೆ. ಎರಡು ಮೂರು ಚಿತ್ರ ಆರಿಸಿ ವಾಟ್ಸಾಪ್ ಮಾಡಿದರೆ ಫೋಟೋಗ್ರಾಫರ್ ಲೈಟ್ ಸ್ಟ್ಯಾಂಡ್ ಬಿಟ್ಟು ಬಿಳಿ ಬಟ್ಟೆ ಒಂದನ್ನೇ ಹಿಡಿದುಕೊಂಡು ಬರುತ್ತಾರೆ. ಶೂಟ್ ದಿನ ಎಳೆದಾಟ ಇಲ್ಲ. ಹುಡುಗಿಯರೂ ಹೇಗೆ ನಿಲ್ಲಬೇಕು ಅಂತ ನೋಡಿಕೊಂಡಿರುತ್ತಾರೆ.

ಖರ್ಚಿನ ಮಾತು. ಮಿಡ್‌ಜರ್ನಿಯ ಕಡಿಮೆ ಪ್ಲಾನ್ ತಿಂಗಳಿಗೆ 10 ಡಾಲರ್, ಅದರ ಮೇಲಿನದು 30 ಡಾಲರ್. ಒಂದು ವಿಷಯ ಗೊತ್ತಿರಲಿ: ಅಲ್ಲಿ ಮಾಡಿದ ಚಿತ್ರ ಬೇರೆಯವರಿಗೂ ಕಾಣುತ್ತದೆ, ಮುಚ್ಚಿಡುವ ಸೌಲಭ್ಯ ದುಬಾರಿ ಪ್ಲಾನ್‌ಗಳಲ್ಲಿ ಮಾತ್ರ. ಹೊಸ ಸಂಗ್ರಹದ ಬಣ್ಣಗಳನ್ನು ಗುಟ್ಟಾಗಿ ಇಡುವವರು ಇದನ್ನು ನೋಡಿಕೊಂಡು ದುಡ್ಡು ಹಾಕಿ. ಇನ್ನೊಂದು, ಹೊಸ ಆವೃತ್ತಿ ಬಂದಾಗ ಹಳೇ ಪ್ರಾಂಪ್ಟ್‌ಗೆ ಬೇರೆ ಚಿತ್ರ ಬರುತ್ತದೆ. ಚೆನ್ನಾಗಿ ಬಂದ ಪ್ರಾಂಪ್ಟ್‌ಗಳ ಪಕ್ಕದಲ್ಲಿ ಆವೃತ್ತಿಯ ನಂಬರನ್ನೂ ಬರೆದಿಡಿ.

ನೀವು ಗಾರ್ಮೆಂಟ್ಸ್‌ನ ಸಾದಾ ಟೀ ಶರ್ಟ್, ಕುರ್ತಿ ಮಾರುವವರಾದರೆ ನಿಮಗೆ ಇದು ನನಗಿಂತ ಜಾಸ್ತಿ ಉಪಯೋಗಕ್ಕೆ ಬರಬಹುದು. ಕೈಮಗ್ಗದವರು ಒಂದು ತಿಂಗಳ ಕಡಿಮೆ ಪ್ಲಾನ್ ತಗೊಂಡು, ಮುಂದಿನ ಶೂಟ್‌ನ ತಯಾರಿಗೆ ಮಾತ್ರ ಬಳಸಿ ನೋಡಿ. ನಾನು ಈಗ 10 ಡಾಲರ್ ಪ್ಲಾನ್‌ಗೆ ಇಳಿದಿದ್ದೇನೆ. ಉಳಿದ ಹಣದಲ್ಲಿ ಫೋಟೋಗ್ರಾಫರ್ ಹತ್ತಿರ ಪ್ರತಿ ಸೀರೆಗೂ ಸೆರಗಿನ ಜೋಡಣೆಯ ಕ್ಲೋಸಪ್ ಒಂದು ಜಾಸ್ತಿ ತೆಗೆಸುತ್ತಿದ್ದೇನೆ.