‘ಸುಮ್ನೆ ಒಂದು ಸಹಿ’ ಅಂದರೆ ಹಾಕಬೇಡಿ

ಚಿಕ್ಕ ಮಕ್ಕಳಿರುವವರು ದಯವಿಟ್ಟು ಪೂರ್ತಿ ಓದಿ.

ಕಂದು ಮೈಬಣ್ಣದ ಎಷ್ಟೋ ಮಕ್ಕಳಿಗೆ ಹುಟ್ಟುವಾಗಲೇ ಬೆನ್ನ ಕೆಳಗೆ, ಸೊಂಟದ ಹತ್ತಿರ ನೀಲಿ ಮಚ್ಚೆ ಇರುತ್ತದೆ. ಮಂಗೋಲಿಯನ್ ಸ್ಪಾಟ್ ಅನ್ನುತ್ತಾರೆ. ನೋವಿಲ್ಲ, ಸಾಮಾನ್ಯವಾಗಿ ಕೆಲವು ವರ್ಷಗಳಲ್ಲಿ ಮಾಸುತ್ತದೆ. ಆದರೆ ಗೊತ್ತಿಲ್ಲದವರಿಗೆ ಪೆಟ್ಟು ಬಿದ್ದು ಕಂದಿದ ಹಾಗೆ ಕಾಣುತ್ತದೆ. ನಮ್ಮ ಮಗಳ ಮಚ್ಚೆ ನೋಡಿ ಶಿಶುವಿಹಾರದವರು ದೂರು ಕೊಟ್ಟರು. ಅವರ ಮೇಲೆ ನನಗೆ ಬೇಜಾರಿಲ್ಲ. ಮನೆಯಲ್ಲೇ ಏಟು ತಿನ್ನುವ ಮಕ್ಕಳಿದ್ದಾರೆ, ಅವರಿಗೆ ಬೇರೆ ಯಾರು ದಿಕ್ಕು?

ನನ್ನ ಸಿಟ್ಟು ಆಮೇಲೆ ನಡೆದದ್ದಕ್ಕೆ. ಮಕ್ಕಳ ಕಲ್ಯಾಣ ಅಧಿಕಾರಿಗಳು ಮನೆಗೆ ಬಂದರು. ಹುಟ್ಟಿನಿಂದ ಇರುವ ಮಚ್ಚೆ ಅಂದರೂ ಕೇಳಲಿಲ್ಲ. ಒಂದು ಕಾಗದ ಮುಂದಿಟ್ಟರು. “ವಿಚಾರಣೆ ಮುಗಿಯುವ ತನಕ ಮಗು ನಮ್ಮ ಸುಪರ್ದಿಯಲ್ಲಿ ಇರಲಿ ಅಂತ ನೀವು ಒಪ್ಪಿದ ಹಾಗೆ, ಅಷ್ಟೇ. ಇಲ್ಲ ಅಂದರೆ ಕೋರ್ಟಿಗೆ ಹೋಗುತ್ತೇವೆ, ಆಮೇಲೆ ನಿಮಗೇ ಕಷ್ಟ.” ಅಳುತ್ತಿದ್ದ ನನ್ನ ಹೆಂಡತಿಯಿಂದ ಹಾಗೆ ಹೆದರಿಸಿ ಸಹಿ ಹಾಕಿಸಿಕೊಂಡರು. ಎದೆಹಾಲು ಬಿಡದ ಮಗುವನ್ನು ಎತ್ತಿಕೊಂಡು ಹೋದರು.

ಕೋರ್ಟು ಅಂದರೆ ಯಾರಿಗಾದರೂ ಹೆದರಿಕೆ ಆಗುತ್ತದೆ ಅಲ್ವಾ? ಆದರೆ ಇಲ್ಲಿ ತಂದೆತಾಯಿಗೆ ಇರುವ ಆಸರೆಯೇ ಅದು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ನೋಡಿ. ತಂದೆತಾಯಿಯ ಇಚ್ಛೆಗೆ ವಿರುದ್ಧವಾಗಿ ಮಗುವನ್ನು ಬೇರೆ ಮಾಡಿದರೆ ಆ ನಿರ್ಧಾರವನ್ನು ನ್ಯಾಯಾಲಯ ಪರಿಶೀಲಿಸುವಂತಿರಬೇಕು, ಅವರಿಗೂ ಮಾತಾಡಲು ಅವಕಾಶ ಇರಬೇಕು. ಒಪ್ಪಿ ಸಹಿ ಹಾಕಿದಿರಿ ಅಂದರೆ ‘ಇಚ್ಛೆಗೆ ವಿರುದ್ಧ’ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಪುರಾವೆ ಎಲ್ಲಿ ಅಂತ ಅಧಿಕಾರಿಯನ್ನು ಕೇಳುವವರು ಯಾರೂ ಇರುವುದಿಲ್ಲ. ಇದು ನನಗೆ ದೊಡ್ಡ ಅನ್ಯಾಯ ಅನ್ನಿಸುತ್ತದೆ. ಸರ್ಕಾರಕ್ಕೆ ಮಗುವನ್ನು ಕಾಪಾಡುವ ಅಧಿಕಾರ ಬೇಕು, ಆದರೆ ಅದನ್ನು ನ್ಯಾಯಾಧೀಶರ ಎದುರು ಸಮರ್ಥಿಸಿಕೊಂಡೇ ಬಳಸಬೇಕು.

ಇಂಥ ಒಪ್ಪಿಗೆಯನ್ನು ವಾಪಸ್ ಪಡೆಯುವ ದಾರಿಯೂ ಇರಬಹುದು. ಇಂಗ್ಲೆಂಡಿನ 1989ರ ಮಕ್ಕಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಹೀಗೆ ಒಪ್ಪಿ ಕಳಿಸಿದ ಮಗುವನ್ನು ಪೋಷಕರು ಯಾವಾಗ ಬೇಕಾದರೂ ಕರೆತರಬಹುದು. ನೀವಿರುವ ಕಡೆ ಏನಿದೆ ಅಂತ ವಕೀಲರನ್ನು ಕೇಳಿ. ನಮಗೆ ಅಧಿಕಾರಿಗಳು ಇದನ್ನೆಲ್ಲ ಹೇಳಲೇ ಇಲ್ಲ. ಕೊನೆಗೆ ವಕೀಲರು ನೋಟಿಸ್ ಕೊಟ್ಟು, ಚರ್ಮದ ವೈದ್ಯರು ಮಚ್ಚೆ ಅಂತ ಬರೆದುಕೊಟ್ಟ ಮೇಲೆ ಮಗು ಮನೆಗೆ ಬಂತು.

ಮಗುವಿಗೆ ಮಚ್ಚೆ ಇದ್ದರೆ ವೈದ್ಯರಿಂದ ಆರೋಗ್ಯ ಪುಸ್ತಕದಲ್ಲಿ ಇವತ್ತೇ ಬರೆಸಿ, ಎಲ್ಲಿದೆ, ಎಷ್ಟು ದೊಡ್ಡದಿದೆ ಅಂತ ಸಮೇತ. ಅಧಿಕಾರಿಗಳು ಬಂದರೆ ಜಗಳ ಬೇಡ. “ಈಗಲೇ ವೈದ್ಯರಿಗೆ ತೋರಿಸೋಣ, ನಾವೂ ಜೊತೆಗೆ ಬರುತ್ತೇವೆ” ಅನ್ನಿ. ಕಾಗದ ಕೊಟ್ಟರೆ ಅದರ ಪ್ರತಿ ಕೇಳಿ, ವಕೀಲರು ಓದುವ ತನಕ ಪೆನ್ನು ಮುಟ್ಟಬೇಡಿ.